ಎರ್ಮೆತೆಯ ಹಗುರ ಬ್ಯಾಟರಿ

ಇಟಲಿಯ ಉಂಬ್ರಿಯಾದ ಬೆಟ್ಟದ ಕಾರ್ ರೇಸಿನವರಲ್ಲಿ ಎರ್ಮೆತೆಯ ತಕ್ಕಡಿ ಗೊತ್ತಿಲ್ಲದವರೇ ಇರಲಿಲ್ಲ. ತನ್ನ ಹಂದಿಮಾಂಸದ ಅಂಗಡಿಯ ಆ ತಕ್ಕಡಿಯಲ್ಲಿ ಅವನು, ತನ್ನ ರೇಸಿನ ಕಾರು ಹಗುರವಾಗಲೆಂದು, ಅದರ ಬೋಲ್ಟು, ಬಾಗಿಲ ಹಿಡಿ, ಕೆರೆದು ತೆಗೆದ ಬಣ್ಣ ಎಲ್ಲವನ್ನೂ ತೂಗಿ ಗಡೀಪಾರು ಮಾಡಿದ್ದ. ಈ ಸಲ ಹನ್ನೆರಡು ಕಿಲೋದ ಬ್ಯಾಟರಿ ಕಿತ್ತು ಒಂದೂವರೆ ಕಿಲೋದ್ದನ್ನು ಆರಿಸಿದ.

"ಚಳೀಲಿ ಇದು ಇಂಜಿನ್ ತಿರುಗಿಸುತ್ತಾ?" ಎಂದಳು ಹೆಂಡತಿ ನೊರೀನಾ.

"ಅದನ್ನ ತಕ್ಕಡಿ ಹೇಳಲ್ಲ ಕಣೇ."

ವರ್ಷವಿಡೀ ಕಾದಿದ್ದ ರೇಸಿನ ದಿನ, ಕೊರೆಯುವ ಚಳಿಯಲ್ಲಿ, ಹೊರಡುವ ಗೆರೆಯ ಮೇಲೆ ಬ್ಯಾಟರಿ ಒಮ್ಮೆ ಕೆಮ್ಮಿ ಸತ್ತಿತು. ತೀರ್ಪುಗಾರರು ಕಾರನ್ನು ಪಕ್ಕಕ್ಕೆ ತಳ್ಳಿಸಿದರು. ತಳ್ಳಿದವಳು ನೊರೀನಾ. ನೂರಹತ್ತು ಕಿಲೋದ ಎರ್ಮೆತೆ ಒಳಗೇ ಸ್ಟೀರಿಂಗ್ ಹಿಡಿದು ಕೂತಿದ್ದ.

"ಮಹಾರಾಯ, ಈ ಬ್ಯಾಟರಿಯಿಂದ ಏನು ಸಿಕ್ತು ನಿಂಗೆ?"

"ತಳ್ಳೋಕೆ ಹಗುರ ಆಗ್ಲಿಲ್ವಾ?"