ಸ್ಟುಡಿಯೋ ಅಣ್ಣನ ಎರಡು ಕೈ

ಹೋದ ತಿಂಗಳು ಚಿಕ್ಕಬಳ್ಳಾಪುರದಲ್ಲಿ ಒಂದು ಆರತಕ್ಷತೆಗೆ ಹೋಗಿದ್ದೆ. ಗಂಡು ಹೆಣ್ಣು ಮಂಟಪದೊಳಗೆ ಬರುವಾಗ ಎರಡೂ ಪಕ್ಕ ಗುಲಾಬಿ ಬಣ್ಣದ ಹೊಗೆ ಬಿಟ್ಟರು. ಸುಟ್ಟ ಪಟಾಕಿಗೆ ಸಕ್ಕರೆ ಬೆರೆಸಿದ ಹಾಗಿನ ವಾಸನೆ. ಪಕ್ಕದಲ್ಲಿ ಕೂತಿದ್ದ ಚಿಕ್ಕಮ್ಮನ ಮಗಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ಇಬ್ಬರಿಗೂ ನೆನಪಾದವರು ಒಬ್ಬರೇ... ಸ್ಟುಡಿಯೋ ಅಣ್ಣ.

ಗೌರಿಬಿದನೂರಿನಲ್ಲಿ ನಮ್ಮ ಮನೆಯ ಬೀದಿ ಕೊನೆಯಲ್ಲಿ ಅವರ ಫೋಟೋ ಸ್ಟುಡಿಯೋ ಇತ್ತು. ಹೆಸರಿಗೆ ಸ್ಟುಡಿಯೋ, ಒಂದು ಕೋಣೆ, ಒಂದು ನೀಲಿ ಪರದೆ, ಒಂದು ಸ್ಟೂಲು, ಬಾಗಿಲ ಪಕ್ಕ ಕನ್ನಡಿ ಮತ್ತು ಹಲ್ಲು ಮುರಿದ ಬಾಚಣಿಗೆ. ಊರಿನವರೆಲ್ಲ ಪಾಸ್‌ಪೋರ್ಟ್ ಸೈಜ್ ಫೋಟೋಗೆ ಅಲ್ಲಿಗೇ ಹೋಗುತ್ತಿದ್ದೆವು. ಅವರ ಜೀವ ಇದ್ದದ್ದು ಮಾತ್ರ ಗೋಡೆಯ ಮೇಲಿನ ಚಿತ್ರಗಳಲ್ಲಿ. ಮಂಜಿನಲ್ಲಿ ಮಂಚೇನಹಳ್ಳಿ ಬಸ್ಸಿಗೆ ಕಾಯುತ್ತಿರುವ ಹೂವಿನವರು, ರೇಷ್ಮೆಗೂಡಿನ ರಾಶಿಯ ಹಿಂದೆ ನಗುತ್ತಿರುವ ಶಿಡ್ಲಘಟ್ಟದ ಮುದುಕ. ಬೆಳಗಾಗುವ ಮುಂಚೆ ಸ್ಕೂಟರ್ ಹತ್ತಿ ಹೋಗಿ ಅವರು ತೆಗೆದ ಚಿತ್ರಗಳು ಅವು. ಒಂದನ್ನೂ ಯಾರೂ ಕೊಂಡಿರಲಿಲ್ಲ. ಅವರ ಹೆಂಡತಿ ಬೀದಿಗೆಲ್ಲ ಕೇಳುವ ಹಾಗೆ, "ಮದುವೆ ಆಲ್ಬಮ್ ಮಾಡ್ಕೊಡಪ್ಪ ಅಂದ್ರೆ ಮಂಜಿನ ಆಲ್ಬಮ್ ಮಾಡ್ತಾರೆ" ಎನ್ನುತ್ತಿದ್ದರು. ಅಣ್ಣ ನಗುತ್ತಿದ್ದರು.

ಫೋಟೋ ತೆಗೆಯುವಾಗ ಅವರ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು. ಇರು ಎನ್ನುವುದಕ್ಕೆ ತೆಲುಗಿನಲ್ಲಿ, "ಉಂಡು ಉಂಡು." ಸ್ಟೂಲಿನ ಮೇಲೆ ಕೂತ ನನ್ನ ಗಲ್ಲ ಎತ್ತಿ, "ಉಂಡು ಪಾಪ, ಬೆಳಕು ಬರ್ತೈತೆ" ಎಂದು ಕಿಟಕಿ ಕಡೆ ನೋಡುತ್ತಾ ನಿಲ್ಲುತ್ತಿದ್ದರು. ನಮ್ಮೂರಿನಲ್ಲಿ ಬೆಳಕಿಗಾಗಿ ಕಾಯುವ ಮನುಷ್ಯ ಅವರೊಬ್ಬರೇ ಇದ್ದಿರಬೇಕು.

ನಾನು ಹೈಸ್ಕೂಲಿನಲ್ಲಿದ್ದಾಗ ಅಜ್ಜಿ ತೀರಿಕೊಂಡರು. ನಮ್ಮ ಕಡೆ ತೀರಿಹೋದವರನ್ನು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ ಫೋಟೋ ತೆಗೆಸುವ ಪದ್ಧತಿ. ಬದುಕಿದ್ದಾಗ ಅಜ್ಜಿ ಒಂಟಿಯಾಗಿ ಫೋಟೋ ತೆಗೆಸಿಕೊಂಡವರೇ ಅಲ್ಲ. ಗೋಡೆಗೆ ಹಾಕಲು ಬೇರೆ ಏನೂ ಇರಲಿಲ್ಲ. ಅಪ್ಪ ಸ್ಟುಡಿಯೋ ಅಣ್ಣನಿಗೆ ಹೇಳಿ ಕಳಿಸಿದರು. ಅವರು ಬಂದು ಚಪ್ಪಲಿ ಬಿಟ್ಟು, ಕ್ಯಾಮೆರಾವನ್ನು ಜಗುಲಿಯ ಮೇಲೆ ಗೋಡೆ ಕಡೆ ಮುಖ ಮಾಡಿ ಇಟ್ಟರು. ಅಮ್ಮ ಅಜ್ಜಿಯ ಕಾಲು ತಬ್ಬಿಕೊಂಡು ಅಳುತ್ತಿದ್ದಳು. ಯಾರೋ, "ಬೇಗ ಮುಗಿಸಪ್ಪ, ಹೊತ್ತಾಯ್ತದೆ" ಎಂದರು. ಅಣ್ಣ, "ಅಳ್ಲಿ ಬಿಡಿ, ನಂಗೇನು ಆತ್ರ ಇಲ್ಲ" ಎಂದು ಅಲ್ಲೇ ಕೂತರು. ಅಮ್ಮ ತಾನಾಗಿ ಎದ್ದು ಮುಖ ತೊಳೆದು ಬರುವವರೆಗೂ ಕೂತೇ ಇದ್ದರು.

ಆಮೇಲೆ ಅಜ್ಜಿಯನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದವರೂ ಅವರೇ. ತಲೆ ನಿಲ್ಲುತ್ತಿರಲಿಲ್ಲ, ಪಕ್ಕಕ್ಕೆ ವಾಲುತ್ತಿತ್ತು. ಹಗ್ಗ ಕಟ್ಟೋಣ ಎಂದರು ಯಾರೋ. ಅಣ್ಣ ಒಪ್ಪಲಿಲ್ಲ. ಕ್ಯಾಮೆರಾ ಅಪ್ಪನ ಕೈಗೆ ಕೊಟ್ಟು, ಯಾವ ಗುಂಡಿ ಒತ್ತಬೇಕೆಂದು ತೋರಿಸಿ, ತಾವು ಕುರ್ಚಿಯ ಹಿಂದೆ ಮಂಡಿಯೂರಿ, ತಲೆಗೆ ಹೊದಿಸಿದ್ದ ಸೆರಗಿನ ಮರೆಯಿಂದ ಅಜ್ಜಿಯ ತಲೆಯನ್ನು ಎರಡು ಕೈಯಲ್ಲೂ ಹಿಡಿದರು. "ಈಗ ಒತ್ತಿ ಸಾರ್" ಎಂದರು. ಆ ಫೋಟೋ ಈಗಲೂ ನಮ್ಮ ನಡುಮನೆಯಲ್ಲಿದೆ.

ನಾನು ಎಂ.ಎ. ಮುಗಿಸಿ ಕಾಲೇಜಿನಲ್ಲಿ ಪಾಠ ಹೇಳತೊಡಗುವಷ್ಟರಲ್ಲಿ ಅಣ್ಣ ಬೇರೆಯೇ ಆಗಿದ್ದರು. ಮದುವೆಗೆ ಮುಂಚಿನ ಫೋಟೋ ಶೂಟ್‌ಗಳ ಹುಚ್ಚು ನಮ್ಮ ಕಡೆಗೂ ಬಂದಿತ್ತು. ಅವರ ಕಣ್ಣು ಮೊದಲಿನಿಂದಲೂ ಚೆನ್ನಾಗಿತ್ತು. ಅದಕ್ಕೆ ಈಗ ಗಿರಾಕಿ ಸಿಕ್ಕರು. ಚಿಕ್ಕಬಳ್ಳಾಪುರದಲ್ಲಿ ಗಾಜಿನ ಮುಂಭಾಗದ ದೊಡ್ಡ ಸ್ಟುಡಿಯೋ ಆಯಿತು. ನನಗೆ ಖುಷಿಯೇ ಆಗಿತ್ತು. ಅದಕ್ಕೇ ಚಿಕ್ಕಮ್ಮನ ಮಗಳ ಮದುವೆ ನಿಶ್ಚಯವಾದಾಗ, "ನಮ್ಮ ಅಣ್ಣನೇ ತೆಗೀಲಿ" ಎಂದೆವು.

ಮಂಚೇನಹಳ್ಳಿ ದಾರಿಯ ಒಂದು ಹಳೇ ಕಲ್ಲುಕ್ವಾರಿಗೆ ನಮ್ಮನ್ನು ಕರೆದೊಯ್ದರು. ಕೆಲಸ ನಿಂತು ವರ್ಷಗಳಾಗಿ ಗುಂಡಿಯ ತುಂಬ ಹಸಿರು ನೀರು. ಅಂಚಿನಲ್ಲಿ ನೀರಿನೊಳಗೇ ಒಂದು ಚಪ್ಪಟೆ ಬಂಡೆ, ಪಾದ ಮುಳುಗುವಷ್ಟೇ ಆಳ. ಅದರ ಮೇಲೆ ಹುಡುಗಿ ನಿಂತರೆ ನೀರಿನ ಮೇಲೇ ನಿಂತ ಹಾಗೆ ಕಾಣುತ್ತದಂತೆ. ಅವಳಿಗೆ ಬಾಡಿಗೆಗೆ ತಂದ ಬಿಳಿ ಗೌನು, ಹಿಂದೆ ಮಾರುದ್ದ ಎಳೆದಾಡುವ ಬಾಲ. ಬಾಲ ನೆನೆಯದಂತೆ ನನ್ನತ್ತ ಎಳೆದು ದಡದ ಮೇಲೆ ಹರಡುತ್ತಾ ಕೂರುವ ಕೆಲಸ ನನ್ನದು. ಅವಳನ್ನು ಮದುವೆಯಾಗುವ ಹುಡುಗ ಎರಡೂ ಕೈಯಲ್ಲಿ ಗುಲಾಬಿ ಹೊಗೆಯ ಡಬ್ಬಿ ಹಿಡಿದು ದಡದಲ್ಲಿ ನಿಂತಿದ್ದ.

"ಸ್ವಲ್ಪ ಹಿಂದಕ್ಕೆ ಹೋಗಮ್ಮ" ಎಂದರು ಅಣ್ಣ. ಅವಳು ಹೋದಳು.

"ಇನ್ನ ಸ್ವಲ್ಪ."

"ಪಾಚಿ ಇದೆ ಅಣ್ಣ, ಜಾರ್ತೈತೆ."

"ಏನಾಗಲ್ಲ ಕಣಮ್ಮ, ಇನ್ನೊಂದೇ ಹೆಜ್ಜೆ."

ಬಂಡೆ ಅಲ್ಲಿಗೆ ಮುಗಿದಿತ್ತು. ಅವಳು ಕೂಗಲಿಲ್ಲ. ಗೌನು ಒಂದು ಕ್ಷಣ ನೀರಿನ ಮೇಲೆ ಕೊಡೆಯ ಹಾಗೆ ಉಬ್ಬಿತು, ಆಮೇಲೆ ನೀರು ಕುಡಿದು ಅವಳನ್ನು ಸುತ್ತಿಕೊಂಡು ಕೆಳಗೆ ಎಳೆಯಿತು. ನನ್ನ ಮುಂದೆ ಹರಡಿದ್ದ ಬಾಲ ಸರಸರನೆ ನೀರಿಗೆ ಜಾರತೊಡಗಿತು. ಅದರ ತುದಿ ಹಿಡಿದು ದಡದ ಕಲ್ಲಿಗೆ ಕಾಲು ಕೊಟ್ಟು ಹಿಂದಕ್ಕೆ ವಾಲಿದೆ. ಬಟ್ಟೆ ಎಲ್ಲೋ ಹರಿಯುತ್ತಿರುವ ಸದ್ದು ಕೇಳುತ್ತಿತ್ತು. ಅವಳ ಮುಖ ಒಮ್ಮೆ ಮೇಲೆ ಬಂತು, ಬಾಯಿ ತೆರೆದಿತ್ತು, ಕಣ್ಣು ನನ್ನ ಮೇಲಿತ್ತು... ಮತ್ತೆ ಹೋಯಿತು. "ಅಣ್ಣ, ಬನ್ನಿ, ಹಿಡೀರಿ" ಎಂದೆ.

ಅವರು ನನ್ನ ಪಕ್ಕದಲ್ಲೇ ಇದ್ದರು. ಒಂದು ಮಂಡಿ ಊರಿ, ಕ್ಯಾಮೆರಾ ಕಣ್ಣಿಗೆ ಒತ್ತಿಕೊಂಡು, ಎರಡೂ ಕೈಯಲ್ಲಿ ಹಿಡಿದು.

"ಉಂಡಮ್ಮಾ, ಉಂಡು" ಎಂದರು.

ಈಗಲೂ ನಿದ್ದೆ ಹತ್ತುವ ಮುಂಚೆ ನನಗೆ ಆ ದನಿ ಕೇಳುತ್ತದೆ. ಅದರಲ್ಲಿ ಗಾಬರಿಯಿರಲಿಲ್ಲ. ಕಿಟಕಿಯ ಬೆಳಕಿಗೆ ಕಾಯುತ್ತಿದ್ದಾಗಿನ ಅದೇ ಮೆತ್ತನೆಯ ದನಿ.

ಹುಡುಗ ಎಚ್ಚೆತ್ತವನಂತೆ ಹೊಗೆ ಡಬ್ಬಿ ಎಸೆದು ಬಂದು ನನ್ನ ಹಿಂದಿನಿಂದ ಬಟ್ಟೆ ಹಿಡಿದ. ಇಬ್ಬರೂ ಎಳೆದೆವು. ಅವಳ ಕೈ ಸಿಕ್ಕಿತು, ಆಮೇಲೆ ಕೂದಲು. ದಡದ ಮೇಲೆ ಬೋರಲು ಮಲಗಿ ಹಸಿರು ನೀರು ಕಾರಿದಳು. ಹುಡುಗ ಅವಳನ್ನು ತಬ್ಬಿಕೊಂಡು ಅಳುತ್ತಿದ್ದ. ಸುತ್ತ ಗುಲಾಬಿ ಹೊಗೆ. ಅಣ್ಣ ನಿಧಾನಕ್ಕೆ ಅವರನ್ನು ಸುತ್ತುತ್ತಾ ವಿಡಿಯೋ ತೆಗೆಯುತ್ತಲೇ ಇದ್ದರು.

ಒಂದು ವಾರಕ್ಕೆ ಆ ವಿಡಿಯೋ ಎಲ್ಲರ ಫೋನಿನಲ್ಲಿತ್ತು. ಹಿಂದೆ ಪಿಟೀಲು ಸಂಗೀತ. ನಾನು ಅದರಲ್ಲಿಲ್ಲ, ಮೂಲೆಯಲ್ಲೆಲ್ಲೋ ನನ್ನ ಮೊಣಕೈ ಇದೆ ಅಷ್ಟೆ. ಹುಡುಗ ಒಬ್ಬನೇ ಹುಡುಗಿಯನ್ನು ಸಾವಿನಿಂದ ಎಳೆದ ಹಾಗೆ ಕಾಣುತ್ತದೆ. ನಮ್ಮ ಚಿಕ್ಕಮ್ಮ ಕೂಡ, "ಎಷ್ಟು ಚೆನ್ನಾಗಿ ಬಂದೈತೆ ನೋಡೇ" ಎಂದು ಬಂದವರಿಗೆಲ್ಲ ತೋರಿಸಿದರು. ತೋರಿಸುವಾಗಲೆಲ್ಲ ಮಗಳು ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಚಿಂತಾಮಣಿ, ಬಾಗೇಪಲ್ಲಿ, ಬೆಂಗಳೂರಿನಿಂದೆಲ್ಲ ಜನ ಅಣ್ಣನನ್ನು ಹುಡುಕಿಕೊಂಡು ಬಂದರು.

ಮಾರನೇ ವರ್ಷ ನಮ್ಮ ಕಾಲೇಜಿನ ಸಮಾರಂಭಕ್ಕೆ ಅವರೇ ಮುಖ್ಯ ಅತಿಥಿ. ಹವ್ಯಾಸವನ್ನು ವೃತ್ತಿ ಮಾಡಿಕೊಂಡು ಗೆಲ್ಲುವುದು ಹೇಗೆ ಎಂದು ಮಕ್ಕಳಿಗೆ ಹೇಳಬೇಕಿತ್ತು. ಹೇಳಿದರು, ಚೆನ್ನಾಗಿಯೇ. ನೀಲಿ ಪರದೆ, ಸ್ಕೂಟರ್, ಮಂಜು, ಹೆಂಡತಿಯ ಬೈಗುಳ ಎಲ್ಲ ಬಂತು. ಕೊನೆಗೆ ದೀಪ ಆರಿಸಿ ಆ ವಿಡಿಯೋ ಹಾಕಿದರು. ಮಕ್ಕಳು ಶಿಳ್ಳೆ ಹೊಡೆದರು. ನಾನು ಹಿಂದಿನ ಸಾಲಿನಲ್ಲಿ ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದೆ.

ಆಮೇಲೆ ಸ್ಟಾಫ್ ರೂಮಿನಲ್ಲಿ ಟೀ ಕುಡಿಯುವಾಗ ಕೇಳಿದೆ. "ಅಣ್ಣ, ಅದನ್ನ ತೆಗೆದುಹಾಕಿಬಿಡಿ. ಅವಳಿಗೆ ಇನ್ನೂ ತಲೆ ಮೇಲೆ ನೀರು ಹುಯ್ಕೊಳ್ಳೋಕೆ ಭಯ."

"ತೆಗೀಬೋದಮ್ಮ" ಎಂದರು. ಬಿಸ್ಕತ್ತು ಟೀಗೆ ಅದ್ದಿದರು. "ಆದ್ರೆ ಬರೋರೆಲ್ಲ ಅದನ್ನೇ ತೋರ್ಸಿ ಕೇಳ್ತಾರೆ. ಅವಳ ಮುಖದಾಗಿನ ಆ ಭಯ ಐತಲ್ಲ, ಹೇಳಿ ಮಾಡ್ಸಿದ್ರೆ ಬರಲ್ಲ ಅದು."

ಅವರೇ ಮುಂದುವರಿಸಿದರು, ಪ್ರೀತಿಯಿಂದಲೇ. "ನಿಮ್ಮಜ್ಜಿ ಫೋಟೋ ಇನ್ನೂ ಐತಾ ಪಾಪ? ಆವಾಗ ನಂಗೆ ಕೆಲ್ಸಾನೇ ಗೊತ್ತಿರ್ಲಿಲ್ಲ. ನಿಮ್ಮಮ್ಮ ಕಾಲು ತಬ್ಕೊಂಡು ಅಳ್ತಿದ್ರಲ್ಲ, ಬಾಗ್ಲಿಂದ ಬೆಳಕು ಬೇರೆ... ಎಂಥಾ ಫ್ರೇಮು. ಗೋಡೆಗೆ ಮುಖ ಮಾಡಿ ಇಟ್ಬಿಟ್ಟಿದ್ದೆ ಕ್ಯಾಮೆರಾನ, ದಡ್ಡ ನನ್ಮಗ."

ಟೀ ಲೋಟ ಅಲ್ಲೇ ಇಟ್ಟು ಎದ್ದು ಬಂದೆ. ಕ್ವಾರಿಯಲ್ಲಿ ಆದದ್ದು ಒಂದು ಕ್ಷಣದ ತಪ್ಪು, ಗಾಬರಿಯಲ್ಲಿ ಕೈ ಕ್ಯಾಮೆರಾ ಬಿಡಲಿಲ್ಲ ಎಂದು ಅಲ್ಲಿಯವರೆಗೂ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಅವರಿಗೆ ನಾಚಿಕೆಯಿದ್ದದ್ದು ಅಜ್ಜಿ ತೀರಿಕೊಂಡ ದಿನ ಜಗುಲಿಯ ಮೇಲೆ ಕಾಯುತ್ತಾ ಕೂತಿದ್ದ ಆ ಮನುಷ್ಯನ ಬಗ್ಗೆ. ಮತ್ತೆ ಅವರೊಡನೆ ಮಾತಾಡಲಿಲ್ಲ. ವಿಡಿಯೋ ಈಗಲೂ ಇದೆ.

ಆರತಕ್ಷತೆಯಲ್ಲಿ ಹೊಗೆ ತಿಳಿಯಾದ ಮೇಲೂ ಚಿಕ್ಕಮ್ಮನ ಮಗಳು ನನ್ನ ಕೈ ಬಿಡಲಿಲ್ಲ. ಊಟ ಮಾಡದೆ ಇಬ್ಬರೂ ಬಸ್ಸು ಹತ್ತಿದೆವು. ಮನೆಗೆ ಬಂದು ಅಜ್ಜಿಯ ಫೋಟೋ ಕೆಳಗಿಳಿಸಿ ಗಾಜಿನ ಧೂಳು ಒರೆಸಿದೆ. ಅಪ್ಪನ ಕೈ ಅಲುಗಾಡಿ ಚಿತ್ರ ಸ್ವಲ್ಪ ಮಸುಕಾಗಿದೆ. ಕಿವಿಯ ಪಕ್ಕ, ಸೆರಗಿನ ಅಂಚಿನಲ್ಲಿ ಗಮನವಿಟ್ಟು ನೋಡಿದರೆ ನಾಲ್ಕು ಬೆರಳು ಕಾಣುತ್ತವೆ, ಅಜ್ಜಿಯ ತಲೆಯನ್ನು ಬೀಳದಂತೆ ಹಿಡಿದಿರುವವು. ಅಣ್ಣ ಬದುಕಿದ್ದಾರೆ, ಅವರ ಗಾಜಿನ ಸ್ಟುಡಿಯೋ ಮುಂದೆ ನಮ್ಮೂರ ಬಸ್ಸು ದಿನಾ ಹಾದುಹೋಗುತ್ತದೆ. ಆದರೂ ಹಾರ ಬದಲಿಸುವಾಗ, ಹೂವನ್ನು ಆ ಬೆರಳುಗಳಿಗೂ ತಾಕುವ ಹಾಗೆ ಸರಿಸಿ ಹಾಕಿದೆ.