ಜರ್ಮನನ ಕೂದಲು, ನನ್ನ ಮೊಣಕಾಲು

ನೆಲದ ಮೇಲೆ ಊಟಕ್ಕೆ ಕುಳಿತು ಏಳುವಾಗ ನನ್ನ ಬಲಮೊಣಕಾಲು 'ಕಟಕ್' ಎನ್ನುತ್ತದೆ. ಮನೆಯವರಿಗೆ ಅದು ನನ್ನ ಊಟ ಮುಗಿದುದರ ಸೂಚನೆ. ಎಪ್ಪತ್ತರ ದಶಕದಲ್ಲಿ ಇದೇ ಸದ್ದಿಗೆ ನನ್ನ ಜೀವ ಬಾಯಿಗೆ ಬರುತ್ತಿತ್ತು ಎಂದರೆ ನೀವು ನಗಬಾರದು.

ಆಗ ನಾನು ಮುಂಬಯಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಆ ಪದವಿ ನನಗೆ ದಕ್ಕಿದ್ದು ಕೈಬರಹದಿಂದಲ್ಲ, ಕಾಲಿನಿಂದ. ಆಫೀಸಿನ ಫುಟ್‌ಬಾಲ್ ತಂಡಕ್ಕೆ ಮೈದಾನದ ನಡುವೆ ಓಡುವವನೊಬ್ಬ ಬೇಕಾಗಿದ್ದ. ನೌಕರಿ ಕಾಯಂ ಆಗುವ ಮೊದಲೇ, ಮಳೆಗಾಲದ ಕೆಸರಿನಲ್ಲಿ ಯಾರದೋ ಬೂಟು ತಗುಲಿ, ಮೊಣಕಾಲು ಸದ್ದು ಮಾಡಲು ಕಲಿಯಿತು. ಕಾಲು ಹೋದರೆ ಕುರ್ಚಿಯೂ ಹೋಯಿತೆಂಬ ಭಯದಲ್ಲಿ ಯಾರಿಗೂ ಹೇಳಲಿಲ್ಲ. ಮಾಟುಂಗದ ಚಾಳಿನ ಮೆಟ್ಟಿಲಲ್ಲಿ ಹಲ್ಲು ಕಚ್ಚಿ, ಆಫೀಸಿನಲ್ಲಿ ಹಲ್ಲು ಕಿರಿದು ದಿನ ದೂಡಿದೆ.

ನನ್ನ ಆರಾಧ್ಯದೈವ ಒಬ್ಬ ಜರ್ಮನ್ ಮಿಡ್‌ಫೀಲ್ಡರ್. ಗ್ರಾಂಟ್ ರೋಡಿನ ರದ್ದಿ ಅಂಗಡಿಯಲ್ಲಿ ರಕ್ಷಾಪುಟ ಹರಿದ ಜರ್ಮನ್ ಕ್ರೀಡಾಪತ್ರಿಕೆಗಳು ಸಿಗುತ್ತಿದ್ದವು. ಭಾಷೆಯ ಗಂಧವಿಲ್ಲ, ತಾರೀಖಿನ ಸುಳಿವಿಲ್ಲ. ಆದರೂ ಚಿತ್ರಗಳನ್ನು ಕತ್ತರಿಸಿ, ನೋಟ್‌ಬುಕ್ಕಿಗೆ ಅಂಟಿಸಿ, ಆತನ ಕ್ರೀಡಾಚರಿತ್ರೆಯನ್ನು ನಾನೇ ರಚಿಸಿದ್ದೆ. ಕೆಲವು ಚಿತ್ರಗಳಲ್ಲಿ ಹೆಗಲಿಗಿಳಿದ ಕೇಶರಾಶಿ, ಕೆಲವುಗಳಲ್ಲಿ ಒಪ್ಪವಾದ ಗಿಡ್ಡ ಕೂದಲು. ನಮ್ಮ ಹುಡುಗರು ಕೂದಲು ಬಿಟ್ಟು ಅಲೆದು, ನೌಕರಿ, ಮದುವೆ ಎಂದೊಡನೆ ಕತ್ತರಿಗೆ ತಲೆಯೊಡ್ಡುವವರಲ್ಲವೇ? ಅದೇ ನ್ಯಾಯದಿಂದ ಉದ್ದ ಕೂದಲನ್ನು ಮೊದಲಿಗೂ ಗಿಡ್ಡ ಕೂದಲನ್ನು ಕೊನೆಗೂ ಅಂಟಿಸುತ್ತಾ ಬಂದೆ. ಒಂದು ದಿನ ಸಿಕ್ಕ ಚಿತ್ರದಲ್ಲಿ, ಗಿಡ್ಡ ಕೂದಲಿನ ಆತ ಊರುಗೋಲು ಹಿಡಿದು ನಿಂತಿದ್ದ, ಬಲಗಾಲಿಗೆ ಪ್ಲಾಸ್ಟರ್. ಅದನ್ನು ಕೊನೆಯ ಪುಟಕ್ಕೆ ಅಂಟಿಸಿದೆ. ಅಂಥ ಕಾಲೇ ಹೀಗೆ ಮುಗಿಯಿತೆಂದರೆ ನನ್ನದು ಯಾವ ಲೆಕ್ಕ? ಅಂದಿನಿಂದ ಲೋಕಲ್ ರೈಲು ಹತ್ತಲೂ ಹೆದರಿಕೆ, ಮ್ಯಾನೇಜರರು ಕರೆದರೂ ಹೆದರಿಕೆ.

ಮುಂದಿನ ಪಂದ್ಯಕ್ಕೆ ಎರಡೇ ದಿನವಿರುವಾಗ ಕ್ಷೌರಕ್ಕೆ ಹೋದೆ. ಚಿತ್ರಗಳ ಪುಸ್ತಕ ಎಂದಿನಂತೆ ಚೀಲದಲ್ಲಿತ್ತು. ಸರದಿ ಕಾಯುವವರೇ ಇಲ್ಲದ ಆ ಅಂಗಡಿಯಲ್ಲಿ ವಿಜಾಪುರದ ಕಡೆಯ ಕ್ಷೌರಿಕನಿಗೆ ಅದನ್ನು ತೆಗೆದು ತೋರಿಸಿದೆ. ಆತ ಮೊದಲಿನಿಂದ ಕೊನೆಯವರೆಗೆ ತಿರುವಿ ನೋಡಿ ನಕ್ಕುಬಿಟ್ಟ.

"ಉಲ್ಟಾ ಅಂಟಿಸೀರಲ್ರಿ ಸಾಹೇಬ್ರ! ಸಣ್ಣ ಕೂದಲಿಂದು ಹಳೇ ಫೋಟೋ ಐತ್ರಿ. ಈಗ ಜಗತ್ತಿನ್ಯಾಗ ಯಾರು ಕೂದಲಾ ಕಡಸ್ತಾರ? ಎಲ್ಲಾರೂ ಉದ್ದ ಬಿಟ್ಟಾರ. ನಾ ಇಲ್ಲಿ ನೊಣಾ ಹೊಡ್ಕೋತ ಕುಂತೀನಿ."

ಪುಸ್ತಕವನ್ನು ಹಿಂದಿನಿಂದ ತಿರುವಿದೆ. ಊರುಗೋಲು ಮೊದಲು ಬಂತು. ಆಮೇಲಿನ ಚಿತ್ರಗಳಲ್ಲಿ ಉದ್ದ ಕೂದಲು ಹಾರುತ್ತಿತ್ತು, ಅದೇ ಬಲಗಾಲು ಚೆಂಡಿನ ಬೆನ್ನು ಹತ್ತಿತ್ತು. ಕಣ್ಣು ತುಂಬಿದ್ದಕ್ಕೆ ಸೋಪಿನ ನೊರೆಯ ಮೇಲೆ ತಪ್ಪು ಹೊರಿಸಿದೆ. ಆತ ಮುರಿದ ಕಾಲನ್ನು ಊರೆಲ್ಲ ನೋಡುವಂತೆ ಫೋಟೋಕ್ಕೆ ಒಡ್ಡಿದ್ದ, ಬಚ್ಚಿಟ್ಟವನು ನಾನು.

ಮರುದಿನ ಮ್ಯಾನೇಜರರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಉಡುಪಿ ಕಡೆಯ ಅವರು, "ಮೊದ್ಲೇ ಹೇಳ್ಲಿಕ್ಕೆ ಏನಾಗಿತ್ತು ಮಾರಾಯ?" ಎಂದು ಡಾಕ್ಟರರಿಗೆ ಚೀಟಿ ಬರೆದರು. ನೌಕರಿಯ ಮಾತೆತ್ತಲಿಲ್ಲ. ಪ್ಲಾಸ್ಟರಿನೊಳಗಿನ ಆ ತಿಂಗಳುಗಳಲ್ಲಿ ಅಂಚೆಯಾಳಿನ ಹೆಜ್ಜೆಗೂ ವಜಾಪತ್ರ ಬಂತೆಂದು ಬೆಚ್ಚುತ್ತಿದ್ದೆ. ಕೊನೆಗೆ ಕಾಯಂ ಆದ ಪತ್ರ ಕೈಗೆ ಬಂದಾಗ, ಊರುಗೋಲನ್ನು ಕುರ್ಚಿಗೆ ಒರಗಿಸಿಟ್ಟೇ ಸಹಿ ಹಾಕಿದೆ.

ಈಗಲೂ ಊಟ ಮುಗಿಸಿ ಏಳುವಾಗ ಮೊಣಕಾಲು 'ಕಟಕ್' ಎನ್ನುತ್ತದೆ, ಹಳೆಯ ಭಯ ಕ್ಷಣಕಾಲ ಇಣುಕುತ್ತದೆ. ಆಗ ನನ್ನ ಕೈ ಮೊಣಕಾಲಿಗೆ ಹೋಗದೆ ತಲೆಗೆ ಹೋಗುತ್ತದೆ. ಅಲ್ಲಿ ಸವರಲು ಕೂದಲು ಉಳಿದಿಲ್ಲ. ಕಾಲು ಮಾತ್ರ ಇನ್ನೂ ನನ್ನನ್ನು ಹೊತ್ತು ನಡೆಯುತ್ತಿದೆ.