ಹನ್ನೆರಡು ಓಮಿನ ಡಬ್ಬ

ಮೂರು ವರ್ಷದ ಹಿಂದೆ ನಮ್ಮ ಯುಗಾದಿ ಊಟ ತಣ್ಣಗಾಗಿದ್ದು ಲಲಿತಾ ಆಂಟಿಯ ವಾರ್ಮರ್ ಕೆಟ್ಟಿದ್ದರಿಂದ ಅಲ್ಲ, ನನ್ನ ಲೆಕ್ಕ ಕೆಟ್ಟಿದ್ದರಿಂದ. ಅದು ನನಗೆ ಆವತ್ತೇ ಗೊತ್ತಾಗಿತ್ತು. ಗೊತ್ತಾದ ಮೇಲೂ ತಪ್ಪನ್ನು ಆಂಟಿಯ ತಲೆಗೆ ಕಟ್ಟಿದೆ.

ಅಮೆರಿಕದ ಮಾನ್ಮತ್ ಜಂಕ್ಷನ್ನಿನ ನಮ್ಮ ಕನ್ನಡ ಗುಂಪಿನಲ್ಲಿ ಮೈಕ್ ಸಿಕ್ಕರೆ ಬಿಡದವನು ನಾನು. ಮೈಸೂರಿನಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮುಗಿಸಿ, ಇಲ್ಲಿ ಮಾರಿಸ್‌ಟೌನಿನ ಆಫೀಸೊಂದರಲ್ಲಿ ಎಕ್ಸೆಲ್ ಶೀಟಿಗೆ ಬಣ್ಣ ಬಳಿಯುತ್ತೇನೆ. ಮನೆಯಲ್ಲಿ ಬಲ್ಬ್ ಹೋದರೆ ಮೂರು ವಿಡಿಯೋ ನೋಡಿ, ಕೊನೆಗೆ ಮೇಂಟೆನೆನ್ಸಿನವರಿಗೇ ಫೋನ್ ಮಾಡುತ್ತೇನೆ. ಆದರೂ ಪ್ಲಗ್ಗು ಅಂದ ಕೂಡಲೇ ಗುಂಪಿನವರೆಲ್ಲ ನನ್ನ ಮುಖ ನೋಡುತ್ತಾರೆ. ನೋಡಲಿ ಅಂತ ನಾನೂ ಎದೆಯುಬ್ಬಿಸಿ ನಿಲ್ಲುತ್ತೇನೆ.

ಲಲಿತಾ ಆಂಟಿ ಉಡುಪಿ ಕಡೆಯವರು. ಇಲ್ಲಿನ ಇಂಡಿಯನ್ ಗ್ರೋಸರಿಯ ಬಿಲ್ಲಿಂಗ್ ಕೌಂಟರಿನಲ್ಲಿ ದಿನವಿಡೀ ನಿಂತು ಮಂಡಿ ಸವೆಸಿಕೊಂಡವರು. ಗುಂಪಿನ ತಿಂಗಳ ಊಟದ ಅಡುಗೆ ಅವರಿಗೇ ಸಿಕ್ಕಿದರೆ ಆ ಕೌಂಟರ್ ಬಿಡಬಹುದಿತ್ತು. ಮೊದಲು ಯುಗಾದಿಯ ಅಡುಗೆ ಮಾಡಲಿ, ಆಮೇಲೆ ನೋಡೋಣ ಎಂದಿದ್ದರು ಕಮಿಟಿಯ ಪ್ರಭಾಕರ ಅಂಕಲ್. ಅಂದರೆ ಅದು ಆಂಟಿಯ ಪರೀಕ್ಷೆ.

ಅಡುಗೆ ಬಿಸಿಯಾಗಿಡಲು ಆಂಟಿ ಮೂರು ಎಲೆಕ್ಟ್ರಿಕ್ ವಾರ್ಮರ್ ತಂದಿದ್ದರು. ಎರಡು ಹೊಸವು. ಇನ್ನೊಂದು ಯಾರದೋ ಮನೆಯ ಗರಾಜ್ ಸೇಲಿನಲ್ಲಿ ಕೊಂಡ ಹಳೆಯದು, ಮೈಯೆಲ್ಲ ತಗ್ಗು. ವೇದಿಕೆಯ ಪಕ್ಕದ ಒಂದೇ ಪ್ಲಗ್ಗಿನ ಸಾಲನ್ನು ನೋಡಿ ಆಂಟಿ ಅನುಮಾನಿಸಿದರು.

“ಮೂರನ್ನೂ ಒಂದೇ ಕಡೆ ಹಾಕಿದ್ರೆ ಆಗ್ತದಾ ಮಾರಾಯ? ಅಡಿಗೆಮನೆ ಕಡೆ ಬೇರೆ ಪ್ಲಗ್ ಉಂಟು.”

ನಾನು ಪೇಪರ್ ಪ್ಲೇಟಿನ ಹಿಂದೆ ಲೆಕ್ಕ ಹಾಕಿದೆ — ನಾಲ್ಕು ಜನ ನೋಡುವ ಹಾಗೆ. ಒಂದೊಂದು ವಾರ್ಮರ್ ಸಾವಿರದ ಇನ್ನೂರು ವಾಟ್. ವಾಟನ್ನು ವೋಲ್ಟಿನಿಂದ ಭಾಗಿಸಿದರೆ ಎಷ್ಟು ಆಂಪ್ ಕರೆಂಟ್ ಎಳೆಯುತ್ತದೆಂದು ಸಿಗುತ್ತದೆ. ಇನ್ನೂರ ಮೂವತ್ತರಿಂದ ಭಾಗಿಸಿದೆ. ಐದು ಚಿಲ್ಲರೆ. ಮೂರೂ ಸೇರಿ ಹದಿನಾರರ ಒಳಗೆ. ಆ ಸಾಲಿನ ಬ್ರೇಕರ್ ಇಪ್ಪತ್ತು ಆಂಪ್ ತಡೆಯುತ್ತದೆ, ಅದಕ್ಕಿಂತ ಹೆಚ್ಚಾದರೆ ಮಾತ್ರ ಬೀಳುತ್ತದೆ. “ಹಾಕಿ ಆಂಟಿ, ಬೇಕಾದ್ರೆ ಮನೆ ಫ್ರಿಜ್ಜೂ ತಂದು ಸೇರಿಸಿ” ಅಂದೆ.

ಮಕ್ಕಳ ಹಾಡಿನ ನಡುವೆ ಮೈಕ್ ಸತ್ತಿತು. ವಾರ್ಮರ್‌ಗಳ ಕೆಂಪು ದೀಪಗಳೂ ಆರಿದವು. ನಾನು ಓಡಿ ಹೋಗಿ ಬ್ರೇಕರ್ ಮೇಲೆತ್ತಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಬಿತ್ತು. ಮತ್ತೆ ಎತ್ತಿದೆ, ಮತ್ತೆ ಬಿತ್ತು. ಅಷ್ಟರಲ್ಲಿ ಬಿಸಿಬೇಳೆಬಾತ್ ಆರಿ ಗಟ್ಟಿಯಾಗುತ್ತಿತ್ತು. ಆಗ ಬ್ರೇಕರ್ ಪೆಟ್ಟಿಗೆಯ ಬಾಗಿಲ ಮೇಲೆ ಕಣ್ಣಿಗೆ ಬಿತ್ತು — ನೂರಿಪ್ಪತ್ತು ವೋಲ್ಟ್.

ಇನ್ನೂರ ಮೂವತ್ತು ನಮ್ಮೂರಿನದು. ಇಲ್ಲಿ ಒಂದೊಂದು ವಾರ್ಮರ್ ಎಳೆಯುವುದು ಹತ್ತು ಆಂಪ್, ಮೂರೂ ಸೇರಿ ಮೂವತ್ತು. ಈ ದೇಶಕ್ಕೆ ಬಂದು ವರ್ಷಗಳಾದರೂ ನನ್ನ ತಲೆಯ ಪ್ಲಗ್ಗು ಮಾತ್ರ ಮೈಸೂರಿನ ಗೋಡೆಯಲ್ಲೇ ಸಿಕ್ಕಿಕೊಂಡಿತ್ತು. ಇದನ್ನೇ ಹೇಳಿ ಎಲ್ಲರನ್ನೂ ನಗಿಸಬಹುದಿತ್ತು. ಜೋಕು ನನ್ನ ಕೆಲಸವೇ ಅಲ್ಲವೇ? ಆದರೆ ಬಾಗಿಲಲ್ಲಿ ಪ್ರಭಾಕರ ಅಂಕಲ್ ನಿಂತಿದ್ದರು, ಅವರ ಹಿಂದೆ ಖಾಲಿ ತಟ್ಟೆ ಹಿಡಿದ ಸಾಲು.

“ಏನಪ್ಪಾ ಇಂಜಿನಿಯರ್, ಏನಾಯ್ತು?”

ಯಾರೋ ಕಿಸಕ್ಕೆಂದರು. ಅಷ್ಟೇ ಸಾಕಾಯಿತು.

“ಆ ಗರಾಜ್ ಸೇಲ್ ಡಬ್ಬ ಇದೆಯಲ್ಲ ಅಂಕಲ್, ಅದು ಶಾರ್ಟ್ ಆಗಿದೆ.”

ಹೋಗಿ ಅದರ ಪ್ಲಗ್ಗು ಕಿತ್ತೆ. ಬ್ರೇಕರ್ ಎತ್ತಿದೆ, ಈ ಸಲ ಬೀಳದೆ ನಿಂತಿತು. ಎಲ್ಲರೂ ತಲೆದೂಗಿದರು — ಸಾಕ್ಷಿಯೇ ಸಿಕ್ಕಿತಲ್ಲ. ಮೂರರಲ್ಲಿ ಯಾವುದನ್ನು ಕಿತ್ತಿದ್ದರೂ ನಿಲ್ಲುತ್ತಿತ್ತು ಅಂತ ಗೊತ್ತಿದ್ದವನು ನಾನೊಬ್ಬನೇ. ಅಲ್ಲಿಗೂ ಬಿಡಲಿಲ್ಲ. ಮೈಕ್ ಹಿಡಿದು, ಇವತ್ತು ಬರೀ ಬೇಳೆಬಾತ್, ಬಿಸಿ ಮುಂದಿನ ಯುಗಾದಿಗೆ ಎಂದೆ. ಹಾಲ್ ಪೂರ್ತಿ ನಕ್ಕಿತು. ಸೌಟು ಹಿಡಿದುಕೊಂಡೇ ಆಂಟಿಯೂ ನಕ್ಕರು. ಆ ನಗು —

ಊಟ ಮುಗಿದ ಮೇಲೆ ಪಾರ್ಕಿಂಗ್ ಲಾಟಿನಲ್ಲಿ ಅವರೇ ನನ್ನನ್ನು ಹುಡುಕಿಕೊಂಡು ಬಂದರು.

“ನನ್ನ ಹಾಳು ಡಬ್ಬದಿಂದ ನಿನ್ನ ಮರ್ಯಾದೆ ಹೋಯ್ತಲ್ಲ ಮಾರಾಯ. ಬೇಜಾರು ಮಾಡ್ಕೊಳ್ಬೇಡ.”

ಅದನ್ನು ಎಲ್ಲಾದರೂ ಎಸೆದುಬಿಡು ಅಂತ ನನ್ನ ಕಾರಿನಲ್ಲೇ ಇಟ್ಟರು. ತಿಂಗಳ ಊಟದ ಆರ್ಡರ್ ಪಕ್ಕದೂರು ಎಡಿಸನ್ನಿನ ಒಂದು ಹೋಟೆಲಿಗೆ ಹೋಯಿತು. ಆಂಟಿ ಆ ಕೆಲಸವನ್ನು ಮತ್ತೆ ಯಾರಲ್ಲೂ ಕೇಳಲಿಲ್ಲ.

ನಾನು ಡಬ್ಬ ಎಸೆಯಲಿಲ್ಲ. ಪ್ಲಗ್ಗಿಗೆ ಸಿಕ್ಕಿಸುವ ಮೀಟರ್ ತಂದು ಅಳೆದೆ. ನಿಜವಾಗಿಯೂ ಅದರಲ್ಲೇ ಏನಾದರೂ ದೋಷ ಇರಲಿ ಅಂತ ಆಸೆಪಟ್ಟೆ, ನಾಚಿಕೆಯಿಲ್ಲದೆ. ನೂರಿಪ್ಪತ್ತು ವೋಲ್ಟ್, ಹತ್ತು ಆಂಪ್. ಭಾಗಿಸಿದರೆ ಹನ್ನೆರಡು ಓಮ್ ರೆಸಿಸ್ಟೆನ್ಸ್; ಶಾರ್ಟ್ ಆಗಿದ್ದರೆ ಸೊನ್ನೆಯ ಹತ್ತಿರ ಇರಬೇಕಿತ್ತು. ಗುಣಿಸಿದರೆ ಸಾವಿರದ ಇನ್ನೂರು ವಾಟ್, ಬೆನ್ನ ಮೇಲೆ ಅಚ್ಚಾಗಿದ್ದಷ್ಟೇ. ಮೈಯ ತಗ್ಗು ಬಿಟ್ಟರೆ ಅದಕ್ಕೆ ಏನೂ ಆಗಿರಲಿಲ್ಲ.

ಮೂರು ವರ್ಷದಿಂದ ಆ ಗ್ರೋಸರಿ ಅಂಗಡಿಯಲ್ಲಿ ನಾನು ಆಂಟಿಯ ಕೌಂಟರ್ ಬಿಟ್ಟು ಬೇರೆ ಸಾಲಿನಲ್ಲಿ ನಿಲ್ಲುತ್ತೇನೆ, ಅದು ಎಷ್ಟು ಉದ್ದವಿದ್ದರೂ. ಆಂಟಿ ಅಲ್ಲಿಂದಲೇ ಕೈಯೆತ್ತಿ ಊಟ ಆಯ್ತಾ ಅಂತ ಕೇಳುತ್ತಾರೆ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಾ. ತಮಾಷೆ ಮಾಡಿ ಮಾಡಿ ನನಗೂ ಸಾಕಾಗಿದೆ.

ಈ ಶನಿವಾರ ಡಬ್ಬ ಎತ್ತಿಕೊಂಡು ಅವರ ಸಾಲಿನಲ್ಲೇ ನಿಲ್ಲುತ್ತೇನೆ. ಆಮೇಲೆ ಯುಗಾದಿಯ ದಿನ, ಅದೇ ಮೈಕಿನಲ್ಲಿ, ನಗಿಸದೆ ಹೇಳುತ್ತೇನೆ. ಅದರಿಂದ ಆರ್ಡರ್ ವಾಪಸ್ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಅವರ ಮಂಡಿಯಂತೂ ವಾಪಸ್ ಬರುವುದಿಲ್ಲ. ಡ್ರೈವ್ ಮಾಡುವಾಗ ಅಭ್ಯಾಸ ಮಾಡುತ್ತಿದ್ದೇನೆ — ಆಂಟಿ, ನಿಮ್ಮ ಡಬ್ಬ ಕೆಟ್ಟಿರಲಿಲ್ಲ. ಇಷ್ಟು ಬರುತ್ತದೆ. ಮುಂದಿನ ಮಾತು ಇನ್ನೂ ಬಂದಿಲ್ಲ.